ಕ ಇದ್ದ ಕಡೆ ಗ

ಕೀಬೋರ್ಡಿನ ಮೂಲೆಯ ನಮ್ ಲಾಕ್ ದೀಪವನ್ನು ನಾನು ಜೀವ ಬಿಗಿಹಿಡಿದು ನೋಡಿದ್ದು 2013ರ ಆ ಬೇಸಿಗೆಯಲ್ಲಿ ಮಾತ್ರ. ಕೆಲಸ ಮಾಡುತ್ತಿರುವಾಗಲೇ ಮೌಸಿನ ಬಾಣ ಇದ್ದಲ್ಲೇ ನಿಂತುಬಿಡುತ್ತಿತ್ತು. ಪರದೆಯ ಕೆಳಗಿನ ಗಡಿಯಾರ 3:42 ತೋರಿಸಿದ್ದು ಹತ್ತು ನಿಮಿಷ ಕಳೆದರೂ 3:42ರಲ್ಲೇ ಇರುತ್ತಿತ್ತು. ಆಗ ನಮ್ ಲಾಕ್ ಒತ್ತಿ ನೋಡಬೇಕು. ದೀಪ ಆರಿ ಮತ್ತೆ ಹೊತ್ತಿಕೊಂಡರೆ ಯಂತ್ರಕ್ಕೆ ಇನ್ನೂ ಉಸಿರಿದೆ, ಕಾಯಬಹುದು. ದೀಪ ಮಿಸುಕದಿದ್ದರೆ ಮುಗಿಯಿತು. ಪವರ್ ಬಟನ್ ಅದುಮಿ ಹಿಡಿದು ಆರಿಸುವುದೊಂದೇ ದಾರಿ. ಕೊನೆಯ ಸಲ ಸೇವ್ ಮಾಡಿದ ಮೇಲೆ ಕೂತು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಪುಸ್ತಕಗಳಿಗೆ ಪುಟ ಕಟ್ಟುವುದು ನನ್ನ ಕಸುಬು. 512 ಎಂಬಿ ಮೆಮೊರಿಯ ಒಂದು ಪೆಂಟಿಯಮ್ 4, ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ ತಂತ್ರಾಂಶದ ಫಾಂಟುಗಳು, ಇಷ್ಟನ್ನೇ ನಂಬಿಕೊಂಡು ವರ್ಷಗಟ್ಟಲೆ ಸಂಸಾರ ಸಾಗಿಸಿದ್ದೆ. ಆ ಹಳೆಯ ಪದ್ಧತಿಯಲ್ಲಿ ಕಡತದ ಒಳಗೆ ಇರುತ್ತಿದ್ದದ್ದು ಇಂಗ್ಲಿಷಿನ ಸಂಕೇತಗಳು. ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಬರೀ ಕಲಸುಮೇಲೋಗರ. ಪ್ರಕಾಶಕರು ಒಬ್ಬೊಬ್ಬರಾಗಿ ಯೂನಿಕೋಡಿನಲ್ಲೇ ಕೊಡಿ ಎನ್ನತೊಡಗಿದರು. ನನಗೂ ಅದೇ ಸರಿ ಅನ್ನಿಸಿತ್ತು. ಕನ್ನಡದ ಅಕ್ಷರ ಕಡತದ ಒಳಗೂ ಕನ್ನಡವಾಗಿಯೇ ಇರಲಿ ಎಂಬ ಆಸೆಯಿಂದಲೇ ಹೊಸ ಯಂತ್ರಕ್ಕೆ ಕೈಹಾಕಿದೆ.

ಎರಡು ಶನಿವಾರ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳನ್ನು ಅಲೆದು ಸಾಮಾನು ತಂದೆ. ಐ5 ಪ್ರೊಸೆಸರ್, ಮದರ್‌ಬೋರ್ಡ್, ನಾಲ್ಕು ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಒಂದು ಟಿಬಿಯ ಡಿಸ್ಕ್, ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್, ಕ್ಯಾಬಿನೆಟ್. ಎಲ್ಲ ಸೇರಿ 32,000 ರೂಪಾಯಿಯಷ್ಟಾಯಿತು. ಅಂಗಡಿಯವರು ಜೋಡಿಸಿಕೊಡುತ್ತೇವೆ ಎಂದರೂ ಬೇಡವೆಂದು ಮನೆಗೆ ತಂದು, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿ ನಾನೇ ಕೂತೆ. ಪ್ರೊಸೆಸರನ್ನು ಸಾಕೆಟಿನಲ್ಲಿಟ್ಟು ಅದರ ಸರಳನ್ನು ಕೆಳಗೆ ಒತ್ತುವಾಗ ಕರಕರ ಎಂದು ಸಣ್ಣ ಸದ್ದು ಬರುತ್ತದೆ. ಏನೋ ಮುರಿಯಿತು ಎಂದು ಎದೆ ಝಲ್ಲೆನ್ನುತ್ತದೆ, ಆದರೆ ಅದು ಹಾಗೆಯೇ ಕೂರಬೇಕು. ರ‍್ಯಾಮ್ ಎರಡೂ ತುದಿಯಲ್ಲಿ ಟಕ್ ಟಕ್ ಎಂದು ಕೂತವು. ಸಂಜೆ ಏಳಕ್ಕೆ ಬಟನ್ ಒತ್ತಿದಾಗ ಫ್ಯಾನು ತಿರುಗಿ, ಪರದೆಯಲ್ಲಿ 8 ಜಿಬಿ ಎಂದು ಮೂಡಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ.

ಮೂರನೆಯ ದಿನ ಮಧ್ಯಾಹ್ನ ಮೊದಲ ಸಲ ಹ್ಯಾಂಗ್ ಆಯಿತು. ಮಾರನೆಯ ದಿನ ವಿಂಡೋಸ್ ಕುಸಿದು ನೀಲಿ ಪರದೆ. ಆಮೇಲೆ ಎರಡು ದಿನ ಏನೂ ಇಲ್ಲ. ಮತ್ತೆ ಒಂದೇ ಸಂಜೆಯಲ್ಲಿ ಮೂರು ಸಲ.

ಕಂಪ್ಯೂಟರ್ ರಿಪೇರಿಯ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಫೋನಿನಲ್ಲಿ ಎರಡು ಮಾತು ಹೇಳಿದ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಆಗಿದ್ದೆಲ್ಲವನ್ನೂ ಬರೆದಿಡು. ಅದರಂತೆ ಗೆರೆ ಎಳೆದ ಒಂದು ನೋಟ್‌ಬುಕ್ ಇಟ್ಟೆ. ದಿನ, ಗಂಟೆ, ಆಗ ಏನು ಮಾಡುತ್ತಿದ್ದೆ, ನೀಲಿ ಪರದೆಯಲ್ಲಿ ಬಂದ ಸಂಕೇತ ಯಾವುದು, ಹೀಗೆ ನಾಲ್ಕು ಅಂಕಣ. ವಾರದೊಳಗೆ ಒಂದು ಪುಟ ತುಂಬಿತು. ಒಮ್ಮೆ 0x1ಎ, ಒಮ್ಮೆ 0x50, ಒಮ್ಮೆ 0xಎ, ಮತ್ತೊಮ್ಮೆ ಸಂಕೇತವೇ ಇಲ್ಲದೆ ಬರೀ ಹ್ಯಾಂಗ್. ಪ್ರತಿಸಲವೂ ಒಂದೇ ಸಂಕೇತ ಬಂದರೆ ಯಾವುದೋ ಒಂದು ಡ್ರೈವರಿನ ಮೇಲೆ ಅನುಮಾನ ಪಡಬಹುದು. ಸಲಕ್ಕೊಂದು ಸಂಕೇತ ಬಂದರೆ ಅನುಮಾನ ಯಂತ್ರದ ಮೈಮೇಲೇ ಹೋಗಬೇಕು, ಅಂದರೆ ಬಿಸಿ, ವಿದ್ಯುತ್ತು, ಮೆಮೊರಿ ಈ ಮೂರರ ಮೇಲೆ. ಗೆಳೆಯ ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು.

ಮೊದಲು ಮೆಮೊರಿಯನ್ನೇ ನೋಡಿದೆ. ವಿಂಡೋಸ್ 7ರಲ್ಲೇ ಮೆಮೊರಿ ಪರೀಕ್ಷೆ ಇದೆ. ಓಡಿಸಿದೆ, ಅರ್ಧ ಗಂಟೆಯೊಳಗೆ ಮುಗಿಯಿತು. ಯಾವ ದೋಷವೂ ಕಂಡುಬಂದಿಲ್ಲ ಎಂದಿತು. ನೋಟ್‌ಬುಕ್ಕಿನಲ್ಲಿ ‘ಮೆಮೊರಿ: ಸರಿ’ ಎಂದು ಬರೆದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಆ ಕೆಂಪು ಗುರುತು ನನ್ನನ್ನು ಆರು ವಾರ ದಾರಿ ತಪ್ಪಿಸಿತು.

ಆ ಆರು ವಾರ ಏನೇನು ಮಾಡಲಿಲ್ಲ! ಪ್ರೊಸೆಸರಿನ ಮೇಲಿನ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಗೆಳೆಯನ ಎಸ್‌ಎಂಪಿಎಸ್ ತಂದು ಹಾಕಿ ನೋಡಿದೆ. ವಿಂಡೋಸನ್ನು ಮೂರು ಸಲ ಅಳಿಸಿ ಹೊಸದಾಗಿ ಹಾಕಿದೆ. ಮೂರನೆಯ ಸಲ ಹಾಕುವಾಗಲೇ ಕಡತ ಹಾಳಾಗಿದೆ ಎಂದು ಅರ್ಧಕ್ಕೆ ನಿಂತಿತು. ಡಿವಿಡಿಗೆ ಗೀರು ಬಿದ್ದಿದೆ ಅಂದುಕೊಂಡೆ. ಅದೇ ಡಿವಿಡಿಯಿಂದ ಮತ್ತೊಮ್ಮೆ ಹಾಕಿದಾಗ ಸರಾಗವಾಗಿ ಮುಗಿಯಿತು. ಗೀರು ಬಿದ್ದ ಡಿವಿಡಿ ತಾನಾಗಿ ಸರಿಹೋಗುವುದಿಲ್ಲ ಎಂಬುದು ಆಗ ಹೊಳೆಯಬೇಕಿತ್ತು. ಯಂತ್ರವನ್ನು ಅಂಗಡಿಗೂ ಹೊತ್ತೊಯ್ದೆ. ಅವರು ಆನ್ ಮಾಡಿ, ಒಂದು ಹಾಡು ಹಾಕಿ, ಐದು ನಿಮಿಷ ನೋಡಿ ಎಲ್ಲ ಸರಿಯಿದೆ ಎಂದು ವಾಪಸು ಕೊಟ್ಟರು.

ಇದರ ನಡುವೆ ಒಂದು ಸಂಗತಿ ಗಮನಕ್ಕೆ ಬಂತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಬದಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಹೋಲ್ಡರಿಗೆ ಸಿಕ್ಕಿಸಿದ ಬಲ್ಬಿನ ಒಂದು ತಂತಿಯನ್ನು ಫೇಸಿಗೆ, ಇನ್ನೊಂದನ್ನು ಅರ್ತಿಂಗಿಗೆ ಹಿಡಿದರು. ಬಲ್ಬು ಹೊತ್ತಲಿಲ್ಲ. ಹಳೆಯ ಬಾಡಿಗೆ ಮನೆ, ಗೋಡೆಯ ಮೂರನೆಯ ತೂತಿಗೆ ತಂತಿಯೇ ಬಂದಿರಲಿಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ, ಇನ್ನೊಂದು ನ್ಯೂಟ್ರಲಿನಿಂದ ಲೋಹದ ಪೆಟ್ಟಿಗೆಗೆ ಸೇರಿರುತ್ತದೆ. ಅರ್ತಿಂಗ್ ಇಲ್ಲದಿದ್ದರೆ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಷ್ಟು ಪೆಟ್ಟಿಗೆಯ ಮೈಮೇಲೆ ಬಂದು ಕೂರುತ್ತದೆ. ಹರಿಯುವ ಕರೆಂಟು ತೀರ ಕಡಿಮೆ, ಅದಕ್ಕೇ ಬರೀ ಜುಮ್ಮೆನ್ನುವುದು. ಮನೆಯ ಮಾಲೀಕರನ್ನು ಒಪ್ಪಿಸಿ ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ಅರ್ತಿಂಗ್ ಎಳೆಸಿದೆ.

ನಾಲ್ಕು ದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ರೋಗ ಸಿಕ್ಕಿತು, ವಾಸಿಯಾಯಿತು ಎಂದು ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಐದನೆಯ ದಿನ ಮತ್ತೆ ನೀಲಿ ಪರದೆ.

ಇಂಥ ದೋಷದ ಕ್ರೌರ್ಯ ಇರುವುದೇ ಇಲ್ಲಿ. ಸರಾಸರಿ ಎರಡು ದಿನಕ್ಕೊಮ್ಮೆ ಬೀಳುವ ಯಂತ್ರ, ನಾವು ಏನೂ ಮಾಡದಿದ್ದರೂ ನಾಲ್ಕು ದಿನ ಸುಮ್ಮನಿರುವ ಸಂಭವ ಏಳೆಂಟರಲ್ಲಿ ಒಂದರಷ್ಟಿದೆ. ಆ ಸುಮ್ಮನಿದ್ದ ದಿನಗಳ ಹಿಂದಿನ ದಿನ ನಾವು ಏನು ಮಾಡಿದ್ದೆವೋ ಅದೇ ಮದ್ದು ಅನ್ನಿಸಿಬಿಡುತ್ತದೆ. ಅರ್ತಿಂಗ್ ಹಾಕಿಸಿದ್ದು ಪ್ರಾಣಕ್ಕೆ ಒಳ್ಳೆಯದೇ ಆಯಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ಕಾಯಿಲೆಗೆ ಅದು ಮದ್ದಾಗಿರಲಿಲ್ಲ.

ಆ ಹೊತ್ತಿಗೆ ನಾನು ಪುಟ ಕಟ್ಟುತ್ತಿದ್ದ, ಹಿರಿಯರೊಬ್ಬರ ಆತ್ಮಕಥೆಯ ಕರಡು ಅವರ ಕೈಗೆ ಹೋಗಿತ್ತು. ಒಂದು ಬೆಳಿಗ್ಗೆ ಅವರ ಫೋನ್ ಬಂತು. ಸಿಟ್ಟಿಗಿಂತ ನೋವೇ ಹೆಚ್ಚಿದ್ದ ದನಿ. ತಾಯಿಯ ಬಗ್ಗೆ ಬರೆದ ಅಧ್ಯಾಯದಲ್ಲಿ ‘ಅಮ್ಮ ಕಂಡ ಕನಸು’ ಎಂದಿರಬೇಕಾದದ್ದು ‘ಅಮ್ಮ ಗಂಡ ಕನಸು’ ಎಂದಾಗಿತ್ತು. ಇನ್ನೊಂದು ಪುಟದಲ್ಲಿ ‘ತಡವಾಗಿ’ ಎಂಬುದು ‘ದಡವಾಗಿ’ ಆಗಿತ್ತು. ಮತ್ತೊಂದು ಕಡೆ ಎರಡು ಪದಗಳ ನಡುವೆ ಕಾರಣವಿಲ್ಲದೆ ಒಂದು ಉದ್ಧರಣ ಚಿಹ್ನೆ ತೆರೆದುಕೊಂಡು, ಮುಚ್ಚದೇ ಉಳಿದಿತ್ತು.

ಆ ಹಸ್ತಪ್ರತಿ ಟೈಪ್ ಮಾಡಿಕೊಟ್ಟವರು ಟೈಪ್‌ರೈಟರ್ ಕಾಲದಿಂದ ಈ ಕೆಲಸದಲ್ಲಿದ್ದ ಒಬ್ಬ ಮಹಿಳೆ. ಪುಟಕ್ಕಿಷ್ಟು ಎಂದು ದುಡಿಯುವವರು. ಅವರನ್ನು ಕರೆದು ಕಟುವಾಗಿ ಮಾತನಾಡಿದೆ. ಕಣ್ಣು ಮಂಜಾಗಿದ್ದರೆ ಹೇಳಬೇಕಿತ್ತು ಎಂದೂ ಅಂದೆ. ಅವರು ಕರಡನ್ನು ಎರಡು ಸಲ ಓದಿ, “ನಾನು ಹೀಗೆ ಹೊಡೆದಿಲ್ಲ” ಎಂದಷ್ಟೇ ಹೇಳಿ ಹೊರಟರು. ಮಾರನೆಯ ದಿನ ತಮ್ಮ ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟರು.

ಅದನ್ನು ಹಳೆಯ ಪೆಂಟಿಯಮ್ಮಿನಲ್ಲಿ ತೆರೆದೆ. ‘ಅಮ್ಮ ಕಂಡ ಕನಸು’ ಎಂದೇ ಇತ್ತು. ‘ತಡವಾಗಿ’ ಎಂದೇ ಇತ್ತು. ನನ್ನ ಹೊಸ ಯಂತ್ರಕ್ಕೆ ನಕಲಾಗಿದ್ದ ಅದೇ ಕಡತವನ್ನೂ ಪೆಂಟಿಯಮ್ಮಿಗೆ ತಂದು ಎರಡನ್ನೂ ಅಕ್ಕಪಕ್ಕ ಇಟ್ಟೆ. ವಿಂಡೋಸಿನ ಕಪ್ಪು ಪರದೆಯಲ್ಲಿ ಎಫ್‌ಸಿ ಎಂಬ ಹಳೆಯ ಆದೇಶವೊಂದಿದೆ. ಎರಡು ಕಡತಗಳನ್ನು ಬೈಟಿಗೆ ಬೈಟು ಹೋಲಿಸಿ, ಬೇರೆಯಾದದ್ದನ್ನು ಮಾತ್ರ ತೋರಿಸುತ್ತದೆ. ಇಡೀ ಪುಸ್ತಕಕ್ಕೆ ಮೂರೇ ಸಾಲು ಬಂದವು. ಅವುಗಳ ಕೊನೆಯಲ್ಲಿದ್ದ ಜೋಡಿಗಳು ಇವು: 95 97. ಎ4 ಎ6. 20 22.

ಬಹಳ ಹೊತ್ತು ಆ ಮೂರು ಸಾಲುಗಳನ್ನೇ ನೋಡುತ್ತ ಕೂತಿದ್ದೆ. ಯೂನಿಕೋಡಿನಲ್ಲಿ ಕನ್ನಡದ ವ್ಯಂಜನಗಳು ನಾವು ಒಂದನೆಯ ತರಗತಿಯಲ್ಲಿ ಒಪ್ಪಿಸಿದ ಕ್ರಮದಲ್ಲೇ ನಿಂತಿವೆ. ಕ 0ಸಿ95, ಖ 0ಸಿ96, ಗ 0ಸಿ97. ಹಾಗೆಯೇ ತ 0ಸಿಎ4, ಥ 0ಸಿಎ5, ದ 0ಸಿಎ6. ಖಾಲಿ ಜಾಗದ ಸಂಕೇತ 20, ಉದ್ಧರಣ ಚಿಹ್ನೆಯದು 22. ಮೂರು ಕಡೆಯೂ ಸರಿಯಾಗಿ ಎರಡು ಹೆಚ್ಚಾಗಿತ್ತು. ಬೈಟಿನ ಎಂಟು ಬಿಟ್‌ಗಳಲ್ಲಿ ಎರಡರ ಸ್ಥಾನದ ಬಿಟ್ ಒಂದೇ ಒಂದು, ಸೊನ್ನೆ ಇರಬೇಕಾದ ಕಡೆ ಒಂದಾಗಿ ನಿಂತಿತ್ತು. ಮನುಷ್ಯರ ಬೆರಳು ಹೀಗೆ ತಪ್ಪುವುದಿಲ್ಲ.

ಕ ಮತ್ತು ತ ಅಕ್ಷರಗಳು ಗ ಮತ್ತು ದ ಆಗುವುದನ್ನು ನಾವು ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿತಿದ್ದೇವೆ. ಮಳೆ, ಕಾಲ ಸೇರಿ ಮಳೆಗಾಲ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ವರ್ಗದ ಮೊದಲನೆಯ ಅಕ್ಷರ ಮೂರನೆಯದಕ್ಕೆ ಜಾಗ ಬಿಡುತ್ತದೆ. ಕೆಟ್ಟ ಬಿಟ್ ಒಂದು ಮಾಡಿದ್ದೂ ಅದನ್ನೇ. ಪ ಮಾತ್ರ ಬ ಆಗಿರಲಿಲ್ಲ. ಯಾಕೆ ಎಂದು ಲೆಕ್ಕ ಹಾಕಿ ನೋಡಿದೆ. ಪ ಅಕ್ಷರದ ಬೈಟಿನಲ್ಲಿ ಆ ಸ್ಥಾನದಲ್ಲಿ ಮೊದಲೇ ಒಂದು ಇದೆ. ಅದು ಒಂದಾಗಿಯೇ ಉಳಿದರೆ ಏನೂ ಬದಲಾಗುವುದಿಲ್ಲ. ನಮ್ಮ ಭಾಷೆಯ ವ್ಯಾಕರಣಕ್ಕೂ ಒಂದು ಚಿಪ್ಪಿನ ಕಾಯಿಲೆಗೂ ನಡುವೆ ಹೀಗೊಂದು ದಾರಿ ಇದ್ದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆ ರಾತ್ರಿಯೇ ಮೆಮ್‌ಟೆಸ್ಟ್86+ ಅನ್ನು ಸಿಡಿಗೆ ಹಾಕಿದೆ. ಕ್ರಿಸ್ ಬ್ರೇಡಿ ಎಂಬುವರು 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಇದರ ಮೂಲ. ವಿಂಡೋಸ್ ಏಳುವ ಮೊದಲೇ ತಾನು ಎದ್ದು, ಹೆಚ್ಚುಕಡಿಮೆ ಇಡೀ ಮೆಮೊರಿಗೆ ಬಗೆಬಗೆಯ ಮಾದರಿಗಳನ್ನು ಬರೆದು, ಓದಿ, ಹೋಲಿಸುತ್ತ ಹೋಗುತ್ತದೆ. ಎಂಟು ಜಿಬಿಗೆ ಒಂದು ಸುತ್ತು ಮುಗಿಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮಲಗಿದೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದಾಗ ಆ ಪರೀಕ್ಷೆಯ ನೀಲಿ ಬಣ್ಣದ ಪರದೆಯ ಕೆಳಭಾಗದಲ್ಲಿ ಕೆಂಪು ಪಟ್ಟಿಗಳು. ವಿಳಾಸಗಳು ಬೇರೆ ಬೇರೆ. ಆದರೆ ತಪ್ಪಿದ ಬಿಟ್ ಯಾವುದು ಎಂದು ತೋರಿಸುವ ಅಂಕಣದಲ್ಲಿ ಎಲ್ಲ ಸಾಲಿಗೂ ಒಂದೇ: 00020000. ಎಲ್ಲವೂ ಸೊನ್ನೆ, ನಡುವೆ ಒಂದು 2.

ಒಂದು ರ‍್ಯಾಮ್ ತೆಗೆದಿಟ್ಟು ಇನ್ನೊಂದನ್ನು ಮಾತ್ರ ಹಾಕಿ ಒಂಬತ್ತು ಗಂಟೆ ಓಡಿಸಿದೆ. ಒಂದು ತಪ್ಪೂ ಇಲ್ಲ. ಅದೇ ಸ್ಲಾಟಿಗೆ ಎರಡನೆಯದನ್ನು ಹಾಕಿದೆ. ಮಧ್ಯಾಹ್ನದ ಸೆಕೆ ಏರಿದಂತೆ ಕೆಂಪು ಸಾಲುಗಳು ಬಂದವು. ಸ್ಲಾಟಿನದೇ ದೋಷ ಇರಬಹುದೇ ಎಂದು ಬೇರೆ ಸ್ಲಾಟಿಗೆ ಹಾಕಿದೆ. ಅಲ್ಲೂ ಅದೇ ಕಥೆ. ಮೂರನೆಯ ಸಲ ನೋಡುವಾಗ ನೋಟ್‌ಬುಕ್ ತೆಗೆದು, ಮೊದಲ ಪುಟದ ಆ ಕೆಂಪು ಗುರುತಿನ ಮೇಲೆ ಅಡ್ಡಗೆರೆ ಎಳೆದೆ.

ಎಲ್ಲವೂ ಆಗ ಒಂದೊಂದಾಗಿ ಕೂಡಿಕೊಂಡಿತು. ರ‍್ಯಾಮಿನ ಒಂದೊಂದು ಬಿಟ್ ಒಂದೊಂದು ಪುಟಾಣಿ ಕೆಪಾಸಿಟರ್. ಅದರಲ್ಲಿ ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಅದಕ್ಕೇ 64 ಮಿಲಿಸೆಕೆಂಡಿಗೊಮ್ಮೆ ಇಡೀ ಮೆಮೊರಿಯನ್ನು ಓದಿ ಮತ್ತೆ ಬರೆಯಲಾಗುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ದುರ್ಬಲ ಕೋಶವಿದ್ದರೆ ತಣ್ಣನೆಯ ಬೆಳಿಗ್ಗೆ ಅರ್ಧ ಗಂಟೆಯ ಪರೀಕ್ಷೆಯಲ್ಲಿ ಪಾಸಾಗಿ, ಮಧ್ಯಾಹ್ನದ ಕೆಲಸದಲ್ಲಿ ಕೈಕೊಡಬಹುದು. ನನ್ನ ನೋಟ್‌ಬುಕ್ಕಿನ ಗಂಟೆಯ ಅಂಕಣ ಇದನ್ನೇ ಹೇಳುತ್ತಿತ್ತು. ಹೆಚ್ಚಿನವು ಮಧ್ಯಾಹ್ನ ಎರಡರಿಂದ ಸಂಜೆ ಏಳರ ನಡುವೆ. ಬರೆದಿಟ್ಟಿದ್ದೆ, ಓದಿರಲಿಲ್ಲ.

ಯದ್ವಾತದ್ವಾ ಅನ್ನಿಸುತ್ತಿದ್ದ ವರ್ತನೆಗೂ ಅರ್ಥ ಸಿಕ್ಕಿತು. ಆ ಕೆಟ್ಟ ವಿಳಾಸದಲ್ಲಿ ಆ ಕ್ಷಣಕ್ಕೆ ಯಾವುದು ಬಂದು ಕೂತಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಖಾಲಿ ಇದ್ದರೆ ಏನೂ ಆಗುವುದಿಲ್ಲ. ವಿಂಡೋಸಿನ ಹೃದಯಭಾಗ ಕೂತಿದ್ದರೆ ನೀಲಿ ಪರದೆ. ಡ್ರೈವರ್ ಇದ್ದರೆ ಹ್ಯಾಂಗ್. ಡಿವಿಡಿಯಿಂದ ಬರುತ್ತಿದ್ದ ಕಡತ ಕೂತಿದ್ದರೆ ಆ ಕಡತ ಹಾಳು. ಒಬ್ಬರ ತಾಯಿಯ ನೆನಪು ಕೂತಿದ್ದರೆ ಕ ಇದ್ದ ಕಡೆ ಗ. ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಯಂತ್ರ ನಿಲ್ಲುವುದೂ ಇಲ್ಲ, ಕೂಗುವುದೂ ಇಲ್ಲ. ತಪ್ಪನ್ನು ಸರಿಯೆಂಬಂತೆ ಡಿಸ್ಕಿಗೆ ಬರೆದು ಮುಂದೆ ಹೋಗುತ್ತದೆ.

2003ರಲ್ಲಿ ಬೆಲ್ಜಿಯಮ್ಮಿನ ಸ್ಖಾರ್‌ಬೇಕ್ ಎಂಬಲ್ಲಿ ಚುನಾವಣೆಯ ಎಣಿಕೆ ಯಂತ್ರ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ತೋರಿಸಿತ್ತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅಲ್ಲೂ ಒಂದು ಬಿಟ್ ತಿರುಗಿರಬೇಕು ಎಂದೇ ತಜ್ಞರು ತರ್ಕಿಸಿದರು. ಹಾಕಿದ ಮತ ಅಷ್ಟಿರಲು ಸಾಧ್ಯವೇ ಇಲ್ಲದ್ದರಿಂದ ತಪ್ಪು ಬೆಳಕಿಗೆ ಬಂತು. ಸರ್ವರುಗಳಲ್ಲಿ ಇಂಥದ್ದನ್ನು ಹಿಡಿಯಲು 64 ಬಿಟ್‌ಗೆ ಎಂಟು ಬಿಟ್ ಹೆಚ್ಚುವರಿಯಾಗಿ ಇಡುವ ಇಸಿಸಿ ಮೆಮೊರಿ ಬಳಸುತ್ತಾರೆ. ಒಂದು ಬಿಟ್ ತಪ್ಪಿದರೆ ಅದು ತಾನೇ ತಿದ್ದಿಕೊಳ್ಳುತ್ತದೆ. ಮನೆಯ ಕಂಪ್ಯೂಟರುಗಳಿಗೆ ಆ ಕಾವಲನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಇದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜನರ ಬರಹ, ಫೋಟೊ, ಲೆಕ್ಕಪತ್ರ ಇರುವುದು ಮನೆಯ ಯಂತ್ರಗಳಲ್ಲೇ.

ರ‍್ಯಾಮ್ ವಾರಂಟಿಯಲ್ಲಿ ಬದಲಾಯಿತು. ಹೊಸದು ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ನಾಲ್ಕೇ ಜಿಬಿಯಲ್ಲಿ ಕೆಲಸ ಮಾಡಿದೆ, ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆ ಆರು ವಾರದಲ್ಲಿ ನಕಲು ಮಾಡಿದ್ದ ಪ್ರತಿ ಕಡತವನ್ನೂ ಮೂಲದೊಡನೆ ಹೋಲಿಸಲು ಎರಡು ರಾತ್ರಿ ಹಿಡಿಯಿತು. ಅಪ್ಪನ ಎರಡು ಹಳೆಯ ಫೋಟೊಗಳಲ್ಲಿ ಅರ್ಧಕ್ಕೆ ಬಣ್ಣ ಜರುಗಿ, ಮುಖದ ಕೆಳಗೆಲ್ಲ ಹಸಿರು ಪಟ್ಟೆ ಬಿದ್ದಿತ್ತು. ಹಳೆಯ ಡಿಸ್ಕನ್ನು ಅಳಿಸಿರಲಿಲ್ಲವಾದ್ದರಿಂದ ಅವು ಉಳಿದವು. ಆದರೆ ಅದೇ ಅವಧಿಯಲ್ಲಿ ಪುಟ ಕಟ್ಟಿದ ಇನ್ನೊಂದು ಪುಸ್ತಕ ಆಗಲೇ ಸಾವಿರ ಪ್ರತಿ ಅಚ್ಚಾಗಿ ಬಂದಿತ್ತು. ಅದರಲ್ಲಿ ಎರಡು ಅಕ್ಷರ ತಪ್ಪಿದ್ದವು. ನನ್ನ ಖರ್ಚಿನಲ್ಲಿ ಒಪ್ಪೋಲೆ ಅಚ್ಚು ಹಾಕಿಸಿ, ಉಳಿದಿದ್ದ ಪ್ರತಿಗಳಿಗೆ ಒಂದೊಂದಾಗಿ ಅಂಟಿಸಿದೆ.

ಟೈಪ್ ಮಾಡಿಕೊಟ್ಟ ಆ ಮಹಿಳೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. 95, 97 ಎಂದು ಬಂದಿದ್ದ ಆ ಮೂರು ಸಾಲಿನ ಪ್ರಿಂಟನ್ನೂ ಒಯ್ದಿದ್ದೆ. ಅವರು ಅದನ್ನು ಓದಿ, ಬೆರಳಿನಲ್ಲಿ ಕ, ಖ, ಗ ಎಂದು ಎಣಿಸಿ ನೋಡಿ, ಕಾಫಿ ತಂದುಕೊಟ್ಟರು. ಆಮೇಲೂ ಎಂಟು ವರ್ಷ ನನಗೆ ಅವರೇ ಟೈಪ್ ಮಾಡಿಕೊಟ್ಟರು.

ಹೊಸ ಕಂಪ್ಯೂಟರ್ ಕಟ್ಟಿದವರಲ್ಲಿ, ಕಟ್ಟಿಸಿದವರಲ್ಲಿ ನನ್ನದೊಂದೇ ಕೋರಿಕೆ. ಮೊದಲ ರಾತ್ರಿ ಅದಕ್ಕೆ ಫೋಟೊ, ಬರಹ ಏನನ್ನೂ ಒಪ್ಪಿಸಬೇಡಿ. ಮೆಮೊರಿ ಪರೀಕ್ಷೆ ಹಚ್ಚಿ ಮಲಗಿ. ಮಾರನೆಯ ದಿನ ಮಧ್ಯಾಹ್ನದ ಬಿಸಿಲು ಇಳಿಯುವವರೆಗೂ ಅದು ಓಡಲಿ. ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮನ್ನು ಅಂಗಡಿಗೆ ವಾಪಸು ಕೊಡಿ. ಹಳೆಯ ಡಿಸ್ಕನ್ನು ಮಾತ್ರ ಆರು ತಿಂಗಳಾದರೂ ಅಳಿಸಬೇಡಿ.